ನೆಲ್ಲಿ ಮತ್ತು ದಾದಿ

ಕುಮಟಾ ಪೇಟೆಯೊಳಗೇ ನೆಲ್ಲಿಕೇರಿ ಇದೆ. ಆ ಹೆಸರನ್ನು ದಿನವೂ ಎಷ್ಟೋ ಜನ ರಿಕ್ಷಾದವರಿಗೆ ಹೇಳುತ್ತಾರೆ, ವಿಳಾಸದಲ್ಲಿ ಬರೆಯುತ್ತಾರೆ. ಕರಾವಳಿಗುಂಟ ದಕ್ಷಿಣಕ್ಕೆ ಹೋದರೆ ನೆಲ್ಲಿತೀರ್ಥ, ನೆಲ್ಲಿಕಾರು ಸಿಗುತ್ತವೆ. ಊರ ಹೆಸರುಗಳನ್ನು ಬಿಡಿಸುವಾಗ ಸ್ವಲ್ಪ ಎಚ್ಚರ ಬೇಕು. ನೆಲ್ಲಿಯ ಪಕ್ಕದಲ್ಲೇ ‘ನೆಲ್ಲು’ ಎಂಬ ಇನ್ನೊಂದು ಹಳೆಯ ಪದವಿದೆ, ಅದಕ್ಕೆ ಭತ್ತ ಎಂದರ್ಥ. ನೆಲ್ಯಾಡಿಯಂಥ ಹೆಸರಿನಲ್ಲಿ ಮರವಿದೆಯೋ ಗದ್ದೆಯಿದೆಯೋ ಎಂದು ಎರಡೂ ಕಡೆಯಿಂದ ವಾದಿಸಬಹುದು. ನೆಲ್ಲಿಕೇರಿಯಲ್ಲಿ ಇಕಾರ ಗಟ್ಟಿಯಾಗಿ ನಿಂತಿರುವುದರಿಂದ ನಾನದನ್ನು ಮರದ ಹೆಸರೆಂದೇ ಓದುತ್ತೇನೆ.

ನೆಲ್ಲಿ ಅಪ್ಪಟ ದ್ರಾವಿಡ ಪದ. ಕನ್ನಡ, ತುಳು, ಕೊಡವ, ತಮಿಳು, ಮಲಯಾಳ ಎಲ್ಲದರಲ್ಲೂ ಅದೇ ರೂಪ, ಅದೇ ಅರ್ಥ. ಸಾವಿರಾರು ವರ್ಷ ಬಾಯಿಂದ ಬಾಯಿಗೆ ದಾಟಿಯೂ ಇಷ್ಟು ಕಡಿಮೆ ಸವೆದ ಪದಗಳು ಹೆಚ್ಚಿಲ್ಲ. ತೆಲುಗರು ಮಾತ್ರ ಇದನ್ನು ಉಸಿರಿ ಎನ್ನುತ್ತಾರೆ. ನಮ್ಮ ‘ಉಸಿರು’ ಕಿವಿಯಲ್ಲಿ ಮೊಳಗಿ ಮನಸ್ಸು ಹಿಗ್ಗುವುದು ಸಹಜ. ಆದರೆ ಸದ್ದು ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವುದು ಪದಜಿಜ್ಞಾಸೆಯಲ್ಲಿ ಸಲ್ಲದು. ಉಸಿರಿಗೂ ನೆಲ್ಲಿಗೂ ಇರುವ ನಿಜವಾದ ಸಂಬಂಧಕ್ಕೆ ಬೇರೆಯೇ ದಾರಿಯಿದೆ.

ಹಳ್ಳಿಯವರು ಈ ಹೆಸರನ್ನು ಒಂದೇ ಮರಕ್ಕೆ ಕಟ್ಟಿಹಾಕಿಲ್ಲ. ಕಾಡಿನದು ಬೆಟ್ಟದ ನೆಲ್ಲಿ. ಹಿತ್ತಲಲ್ಲಿ ಗೊಂಚಲುಗೊಂಚಲಾಗಿ ಬಿಡುವ, ಗೆರೆಗೆರೆಯ ಹುಳಿಕಾಯಿಯದು ಅರನೆಲ್ಲಿ. ಮಳೆಗಾಲದಲ್ಲಿ ಅಂಗಳದಂಚಿಗೆ ಏಳುವ, ಕಾಮಾಲೆಗೆ ಅರೆದು ಕುಡಿಸುವ ಗಿಡ ನೆಲನೆಲ್ಲಿ. ಒಂದು ಮರ, ಒಂದು ಕಿರುಮರ, ಇನ್ನೊಂದು ಗೇಣುದ್ದದ ಕಳೆ. ಸಸ್ಯಶಾಸ್ತ್ರಜ್ಞರು ಮೂರನ್ನೂ ಫಿಲ್ಲಾಂಥಸ್ ಎಂಬ ಒಂದೇ ಕುಲಕ್ಕೆ ಸೇರಿಸುತ್ತಾರೆ. ಗರಿಯಂಥ ಎಲೆಸಾಲನ್ನೂ ಅದಕ್ಕೆ ಅಂಟಿಕೊಂಡ ಪುಟ್ಟ ಕಾಯನ್ನೂ ಗಮನಿಸಿದ ನಮ್ಮವರು ಅದೇ ತೀರ್ಮಾನಕ್ಕೆ ಎಷ್ಟೋ ಹಿಂದೆಯೇ ಬಂದಿದ್ದರು.

ಬೆಟ್ಟದ ನೆಲ್ಲಿ ಎಂದಕೂಡಲೇ ಕನ್ನಡಿಗರಿಗೆ ಸಮುದ್ರದ ಉಪ್ಪು ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭು ತನ್ನ ವಚನವೊಂದರಲ್ಲಿ ಇವೆರಡನ್ನೂ ಜೋಡಿಸಿದ. ಎಲ್ಲಿಯದೋ ಒಂದು, ಎಲ್ಲಿಯದೋ ಇನ್ನೊಂದು ಬಂದು ಕೂಡುವ ಸೋಜಿಗಕ್ಕೆ ಅದು ಅವನ ದೃಷ್ಟಾಂತ. ಬಯಲುಸೀಮೆಯವರಿಗೆ ಈ ದೂರ ದೊಡ್ಡದು. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಘಟ್ಟದ ಬುಡಕ್ಕೂ ಕಡಲಿಗೂ ನಡುವೆ ಇರುವುದೇ ತುಸು ನೆಲ. ಅಘನಾಶಿನಿ ಅಳಿವೆಯ ಪಕ್ಕದ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪಿನ ಆಗರಗಳಿವೆ. ಮಳೆ ನಿಂತ ಮೇಲೆ ಅಲ್ಲಿ ಪಾತಿ ಕಟ್ಟಿ, ನೀರು ಹಾಯಿಸಿ, ಬಿಸಿಲೇರಿದಂತೆ ದಪ್ಪ ಹರಳಿನ, ತುಸು ಕಂದುಬಣ್ಣದ ಉಪ್ಪನ್ನು ಎಳೆಯುತ್ತಾರೆ. ಚಳಿಗಾಲದಲ್ಲಿ ಘಟ್ಟದಿಂದ ನೆಲ್ಲಿ ಇಳಿದು ಬರುವ ಹೊತ್ತಿಗೆ ಹೊಸ ಉಪ್ಪು ಇನ್ನೂ ಆಗಿರುವುದಿಲ್ಲ, ಭರಣಿಗೆ ಬೀಳುವುದು ಹಿಂದಿನ ಬೇಸಿಗೆಯದು. ಅಲ್ಲಮನ ದೃಷ್ಟಾಂತ ಈ ಮೂರು ತಾಲೂಕುಗಳಲ್ಲಿ ವರ್ಷವರ್ಷ ನಡೆಯುವ ಅಡುಗೆಮನೆಯ ಕೆಲಸ.

ಸಂಸ್ಕೃತದಲ್ಲಿ ನೆಲ್ಲಿಗೆ ಆಮಲಕ, ಆಮಲಕೀ ಎಂಬ ಹೆಸರುಗಳು. ಅಂಗೈಯಲ್ಲಿ ನೆಲ್ಲಿಯಿದ್ದಷ್ಟು ಸ್ಪಷ್ಟ ಎನ್ನಲು ‘ಕರತಲಾಮಲಕ’ ಎಂಬ ನುಡಿ ಹುಟ್ಟಿತು. ನಾವದನ್ನು ಅಂಗೈ ನೆಲ್ಲಿ ಎಂದು ನಮ್ಮದಾಗಿಸಿಕೊಂಡೆವು. ಅಮರಕೋಶ ಇನ್ನೂ ಕೆಲವು ಹೆಸರು ಕೊಡುತ್ತದೆ: ತಿಷ್ಯಫಲಾ, ಅಮೃತಾ, ವಯಸ್ಥಾ. ಕೊನೆಯದಕ್ಕೆ ವಯಸ್ಸನ್ನು ಕಳೆಗುಂದದಂತೆ ನಿಲ್ಲಿಸುವವಳು ಎಂದು ಅರ್ಥ ಮಾಡುತ್ತಾರೆ. ತಮಿಳಿನ ಸಂಗಂ ಕಾವ್ಯದಲ್ಲಿ ಅದಿಯಮಾನ್ ಎಂಬ ಒಡೆಯ ಆಯುಸ್ಸು ಕೊಡುವ ಅಪರೂಪದ ನೆಲ್ಲಿಯನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರ್‌ಗೆ ಕೊಟ್ಟನಲ್ಲ, ಅಲ್ಲಿಯೂ ಇದೇ ನಂಬಿಕೆ.

ನನ್ನನ್ನು ಹಿಡಿದು ನಿಲ್ಲಿಸಿದ ಹೆಸರು ಇನ್ನೊಂದು: ಧಾತ್ರೀ. ಧಾತ್ರಿ ಎಂದರೆ ಮೊದಲಿಗೆ ಹಾಲೂಡುವವಳು, ಸಾಕುವವಳು. ಅದರಿಂದಲೇ ಭೂಮಿಗೂ ಆ ಹೆಸರು, ನೆಲ್ಲಿಗೂ ಆ ಹೆಸರು. ಆ ಧಾತ್ರಿಯೇ ಕನ್ನಡದ ಬಾಯಲ್ಲಿ ತದ್ಭವವಾಗಿ ‘ದಾದಿ’ ಆಯಿತು. ಅರಮನೆಯ ಕೂಸನ್ನು ಎತ್ತಿ ಆಡಿಸಿದ ದಾದಿ ಮುಂದೆ ಬಿಳಿಯುಡುಗೆ ತೊಟ್ಟು ಆಸ್ಪತ್ರೆಗೆ ಬಂದಳು. ಹೀಗೆ ಕಾರ್ತಿಕದ ನೆಲ್ಲಿಮರಕ್ಕೂ ಆಸ್ಪತ್ರೆಯ ರಾತ್ರಿಪಾಳಿಯವಳಿಗೂ ಹೆಸರಿನ ಬೇರು ಒಂದೇ.

ಕಾರ್ತಿಕ ಶುದ್ಧ ದ್ವಾದಶಿಯ ದಿನ ಕರಾವಳಿಯಲ್ಲಿ ಕಾಯಿ ತುಂಬಿದ ನೆಲ್ಲಿಯ ಟೊಂಗೆಯನ್ನು ತುಳಸಿಕಟ್ಟೆಗೆ ನೆಟ್ಟು ಮದುವೆ ಮಾಡುತ್ತಾರೆ. ಪೂಜೆಯ ಮಂತ್ರದಲ್ಲಿ ಬರುವ ಧಾತ್ರಿ ಇವಳೇ. ನೆಲ್ಲಿಮರದಡಿ ಒಲೆ ಹೂಡಿ ಉಣ್ಣುವ ವನಭೋಜನವೂ ಇದೇ ತಿಂಗಳಲ್ಲಿ. ಹೊಸ ನೆಲ್ಲಿ ಊಟಕ್ಕೆ ಬರತೊಡಗುವುದು ಈ ಹಬ್ಬದ ಆಸುಪಾಸಿನಲ್ಲೇ.

ಆಮಲಕ ಎಂಬ ಪದ ಹಡಗೂ ಹತ್ತಿತು. ಪರ್ಷಿಯನ್ನರ ಬಾಯಲ್ಲಿ ಆಮ್ಲ, ಅರಬರ ಬಾಯಲ್ಲಿ ಅಮ್ಲಜ್, ಅಲ್ಲಿಂದ ಲ್ಯಾಟಿನ್ನಿಗೆ ದಾಟಿ ಎಂಬ್ಲಿಕಾ. 1753ರಲ್ಲಿ ಲಿನೇಯಸ್ ಈ ಮರಕ್ಕೆ ಫಿಲ್ಲಾಂಥಸ್ ಎಂಬ್ಲಿಕಾ ಎಂದು ಹೆಸರಿಟ್ಟಾಗ ನಮ್ಮ ಆಮಲಕವೇ ಗುರುತು ಸಿಗದ ಉಡುಪಿನಲ್ಲಿ ಕುಳಿತಿತ್ತು. ಅದಕ್ಕೂ ಮುಂಚೆ, 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗತೊಡಗಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥ ಕೇರಳದ ನೆಲ್ಲಿಯನ್ನು ಮಲಯಾಳದ ಹೆಸರಿನಲ್ಲೇ ಚಿತ್ರಸಹಿತ ದಾಖಲಿಸಿತ್ತು. ನೆಲ್ಲಿ, ಅಳಲೆ, ತಾರೆ ಸೇರಿದ ತ್ರಿಫಲ ಅರಬ್ಬಿಯಲ್ಲಿ ಇತ್ರಿಫಲ್ ಆಗಿ, ಯುನಾನಿ ಹಕೀಮರ ಜೊತೆ ಮತ್ತೆ ಹಿಂದೂಸ್ತಾನಕ್ಕೇ ಮರಳಿತು. ಕುದುರೆ ಇಳಿಸಿ ಅಕ್ಕಿ ಮೆಣಸು ಏರಿಸುತ್ತಿದ್ದ ಭಟ್ಕಳದಂಥ ಬಂದರುಗಳಲ್ಲಿ ಸರಕಿನ ಜೊತೆ ಪದಗಳೂ ಹತ್ತಿ ಇಳಿದಿರಬೇಕು. ಹದಿನಾಲ್ಕನೆಯ ಶತಮಾನದ ನಡುವೆ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತ ಅಲ್ಲಿಯ ಸುಲ್ತಾನನ ಊಟದ ವಿವರ ಬರೆದಿದ್ದಾನೆ. ಅನ್ನ, ತುಪ್ಪದ ಜೊತೆಗೆ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವಿನಕಾಯಿ. ಪ್ರತಿ ತುತ್ತಿಗೂ ಒಂದಿಷ್ಟು ಹುಳಿ.

ಆ ಹುಳಿಯ ಬೆಲೆ ಎಷ್ಟೆಂದು ಇದೇ ಕಡಲಿನ ಮೇಲೆ ಗೊತ್ತಾಯಿತು. ವಾಸ್ಕೋ ಡ ಗಾಮನ ಹಡಗುಗಳು ಕ್ಯಾಲಿಕಟ್‌ನಿಂದ ಹಿಂತಿರುಗುವಾಗ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ತಂಗಿ, ದುರಸ್ತಿ ಮುಗಿಸಿ, 1498ರ ಅಕ್ಟೋಬರ್ 5ರಂದು ಹೊರಟವು. ಎದುರುಗಾಳಿಯಲ್ಲಿ ಆಫ್ರಿಕಾದ ದಡ ಮುಟ್ಟಲು ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಬಾತು ಹಲ್ಲು ಮುಚ್ಚಿದವು, ಕಾಲು ಊದಿಕೊಂಡವು, ಈ ಒಂದು ದಾಟುವಿಕೆಯಲ್ಲೇ ಮೂವತ್ತು ಜನ ಸತ್ತರು. ಹಡಗಿಗೆ ಏಳೆಂಟು ಜನ ಮಾತ್ರ ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆಂದು ಆ ಯಾನದ ದಿನಚರಿ ಹೇಳುತ್ತದೆ. ಮಲಿಂದಿಯಲ್ಲಿ ಅವರು ಮೊದಲು ಕೇಳಿದ್ದು ಕಿತ್ತಳೆ. ಅವರು ಲಂಗರು ಎತ್ತಿದ ತಿಂಗಳಿನಲ್ಲಿ ಎದುರಿನ ಘಟ್ಟದ ಕಾಡಿನಲ್ಲಿ ನೆಲ್ಲಿ ಬಲಿಯುತ್ತಿತ್ತು. ಒಂದು ಮೂಟೆ ಸಾಕಿತ್ತು ಎಂದು ಈಗಲೂ ಅನಿಸುತ್ತದೆ.

ಆ ಕಾಯಿಲೆಗೆ ಲ್ಯಾಟಿನ್ನಿನಲ್ಲಿ ಸ್ಕಾರ್ಬ್ಯೂಟಸ್ ಎಂದು ಹೆಸರು, ಇಂಗ್ಲಿಷರದು ಸ್ಕರ್ವಿ. ಹಂಗೇರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ 1928ರಲ್ಲಿ ಬೇರ್ಪಡಿಸಿದ್ದ ಒಂದು ಬಿಳಿಯ ಹರಳು ಈ ರೋಗ ತಡೆಯುವ ವಿಟಮಿನ್ ಸಿ ಎಂದು 1932ರಲ್ಲಿ ಖಚಿತವಾಯಿತು. ಪ್ರಯೋಗಕ್ಕೆ ಬೇಕಾದಷ್ಟು ಹರಳು ಅವರಿಗೆ ಸಿಕ್ಕಿದ್ದು ಸೆಗೆಡ್ ಊರಿನ ಕೆಂಪು ಮೆಣಸಿನಕಾಯಿಯಿಂದ. 1937ರಲ್ಲಿ ನೊಬೆಲ್ ಬಂತು. ಸ್ಕರ್ವಿಯನ್ನು ಇಲ್ಲವಾಗಿಸುವ ಹುಳಿಯಾದ್ದರಿಂದ ಅದಕ್ಕೆ ಆಸ್ಕಾರ್ಬಿಕ್ ಆಮ್ಲ ಎಂಬ ಹೆಸರಾಯಿತು. ಹಳೆಯ ಕನ್ನಡ ಪಠ್ಯಪುಸ್ತಕಗಳು ವಿಟಮಿನ್ನನ್ನು ಅನ್ನಾಂಗ ಎಂದವು, ಜೀವಸತ್ವ ಎಂದವು. ಅನ್ನಾಂಗ ಮರೆಯಾದದ್ದು ನನಗೆ ಬೇಸರದ ಸಂಗತಿ. ಅದು ಔಷಧವಲ್ಲ, ಅನ್ನದ ಒಂದು ಅಂಗ ಎಂಬ ತಿಳಿವಳಿಕೆ ಆ ಪದದೊಳಗೇ ಇತ್ತು.

ಬಾಟಲಿಗಳ ಮೇಲಿನ ‘ಆಮ್ಲಾ’ ಕಂಡು ಆಮ್ಲವೇ ಅದರ ಮೂಲ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಆಮಲಕ ಸವೆದು ಹಿಂದಿಯ ಆಂವ್ಲಾ ಆಯಿತು, ಕೊಂಕಣಿಯ ಆವಾಳೊ ಆಯಿತು. ಹುಳಿ ಎಂಬರ್ಥದ ಆಮ್ಲ ಬೇರೆ ಪದ. ಎಲ್ಲ ಆಮ್ಲಗಳನ್ನೂ ಹುಟ್ಟಿಸುವ ವಾಯು ಇದೇ ಎಂಬ ಲವಾಸಿಯೇನ ತಪ್ಪು ಎಣಿಕೆಯನ್ನು ಹೊತ್ತು ‘ಆಮ್ಲಜನಕ’ ಕನ್ನಡಕ್ಕೆ ಬಂತು. ಆಮ್ಲಜನಕವನ್ನು ಒಳಗೆ ಬಿಟ್ಟುಕೊಂಡು, ಅದರ ಸುಡುವ ಗುಣವನ್ನು ಆಸ್ಕಾರ್ಬಿಕ್ ಆಮ್ಲದಿಂದ ತಡೆದುಕೊಂಡು ಬದುಕುವುದು ನಮ್ಮ ಶ್ವಾಸಕೋಶದ ನಿತ್ಯದ ಪಾಡು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಆರಂಭದಲ್ಲೇ ರಸಾಯನದ ಅಧ್ಯಾಯವಿದೆ. ಚ್ಯವನಪ್ರಾಶಕ್ಕೆ ಐನೂರು ನೆಲ್ಲಿಕಾಯಿ ಎಂದು ಅಳತೆ ಕೊಟ್ಟು, ಅದು ಕಾಸ, ಶ್ವಾಸಗಳಿಗೆ, ಅಂದರೆ ಕೆಮ್ಮು ದಮ್ಮುಗಳಿಗೆ ಒಳ್ಳೆಯದೆಂದು ಅಲ್ಲಿ ಹೇಳಿದೆ. ಇವುಗಳ ಹಿಂದಿರಬಹುದಾದ ವೈರಾಣುವಿನ ಕಲ್ಪನೆ ಚರಕನಿಗಿರಲಿಲ್ಲ. ನೆಲ್ಲಿಗೂ ಎದೆಗೂ ಗಂಟು ಹಾಕಿದ ಬಲು ಹಳೆಯ ಮಾತು ಇದು ಎಂಬಷ್ಟಕ್ಕೆ ಅದನ್ನು ಇಟ್ಟುಕೊಳ್ಳೋಣ. ಈಗ ನಮಗೆ ಗೊತ್ತಿರುವುದನ್ನು ಹತ್ತಿರದಿಂದ ನೋಡಬೇಕು.

ಮೂಗಿನಿಂದ ಗಾಳಿಗೂಡುಗಳವರೆಗೆ ಇಡೀ ಉಸಿರುದಾರಿಯನ್ನು ತೆಳುವಾದ ದ್ರವವೊಂದು ಸವರಿಕೊಂಡಿರುತ್ತದೆ. ಆ ದ್ರವದಲ್ಲಿ ವಿಟಮಿನ್ ಸಿ ಕರಗಿದೆ. ಹೊಗೆ, ದೂಳು, ಸೋಂಕಿನಿಂದ ಹುಟ್ಟುವ ಉರಿಕಣಗಳನ್ನು ಅದು ಮೊದಲು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಕೆಳಗಿನ ಜೀವಕೋಶದ ಪೊರೆ ಉಳಿಯುತ್ತದೆ. ಆ ಪೊರೆಯ ಅಡಿಯಲ್ಲಿ ಕೊಲಾಜನ್ ಎಂಬ ಎಳೆಗಳ ಹಂದರವಿದೆ. ಕೊಲಾಜನ್ನಿನ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳಲು ಬೇಕಾದ ಕಿಣ್ವಗಳು ವಿಟಮಿನ್ ಸಿ ಇಲ್ಲದೆ ಕೆಲಸ ನಿಲ್ಲಿಸುತ್ತವೆ. ಗಾಮನ ನಾವಿಕರ ವಸಡು ಕಳಚಿದ್ದು ಇದರಿಂದಲೇ. ಸ್ಕರ್ವಿ ಹಿಡಿದವರನ್ನು ಎಷ್ಟೋ ಸಲ ಕೊನೆಗೆ ಕೊಲ್ಲುತ್ತಿದ್ದುದು ನ್ಯುಮೋನಿಯಾ ಎಂದು ಹಿಂದಿನ ವೈದ್ಯರು ಗುರುತಿಸಿದ್ದರು.

ವೈರಾಣು ಒಳಹೊಕ್ಕ ಮೊದಲ ಗಂಟೆಗಳಲ್ಲಿ, ಸೋಂಕಿದ ಜೀವಕೋಶ ಇಂಟರ್‌ಫೆರಾನ್ ಎಂಬ ಸಂಕೇತವನ್ನು ಹೊರಗೆ ಬಿಡುತ್ತದೆ. ಅಕ್ಕಪಕ್ಕದ ಕೋಶಗಳು ಅದನ್ನು ಹಿಡಿದು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. 2013ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಇದನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಇಲಿಗಳು ತಮ್ಮ ದೇಹದಲ್ಲೇ ವಿಟಮಿನ್ ಸಿ ತಯಾರಿಸಿಕೊಳ್ಳುತ್ತವೆ. ನಾವು, ಮಂಗಗಳು, ಗಿನಿಯಿಲಿಗಳು ಆ ಶಕ್ತಿ ಕಳೆದುಕೊಂಡವರು. ಆ ಜೀನ್ ತೆಗೆದುಹಾಕಿ ನಮ್ಮಂತೆಯೇ ಪರಾವಲಂಬಿಗಳಾದ ಇಲಿಗಳಿಗೆ ಇನ್‌ಫ್ಲುಯೆಂಜಾ ಸೋಂಕು ತಗಲಿಸಿದಾಗ, ವಿಟಮಿನ್ ಸಿ ಸಿಗದ ಇಲಿಗಳಲ್ಲಿ ಮೊದಲ ಹಂತದ ಇಂಟರ್‌ಫೆರಾನ್ ಕಡಿಮೆಯಾಯಿತು, ಶ್ವಾಸಕೋಶದಲ್ಲಿ ವೈರಾಣು ಹೆಚ್ಚಿತು, ಅವು ಒಂದು ವಾರದೊಳಗೆ ಸತ್ತವು. ವಿಟಮಿನ್ ಸಾಕಷ್ಟು ಸಿಕ್ಕವು ಉಳಿದವು. ಇಲಿಯ ಕಥೆಯನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸಲಾಗದು. ಆದರೂ ಕೊರತೆ ಎಲ್ಲಿ ಪೆಟ್ಟು ಕೊಡುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ.

ಆಮೇಲೆ ಬರುವವು ಬಿಳಿ ರಕ್ತಕಣಗಳು. ರಕ್ತದಲ್ಲಿರುವುದಕ್ಕಿಂತ ಐವತ್ತರಿಂದ ನೂರು ಪಟ್ಟು ಹೆಚ್ಚು ವಿಟಮಿನ್ ಸಿಯನ್ನು ಇವು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಸೋಂಕನ್ನು ಸುಡಲು ತಾವೇ ಹುಟ್ಟಿಸುವ ಉರಿಯಿಂದ ತಾವು ಬೇಯಬಾರದಲ್ಲ, ಅದಕ್ಕೆ. ಕೆಲಸ ಮುಗಿದ ಕಣಗಳು ಶಾಂತವಾಗಿ ಸತ್ತು, ಬೇರೆ ಕಣಗಳು ಅವನ್ನು ನುಂಗಿ ಜಾಗ ಚೊಕ್ಕ ಮಾಡುವುದಕ್ಕೂ ವಿಟಮಿನ್ ಸಿ ಬೇಕು. ಹಾಗಾಗದಿದ್ದರೆ ಅವು ಅಲ್ಲೇ ಒಡೆದು ಶ್ವಾಸಕೋಶವನ್ನೇ ಗಾಯ ಮಾಡುತ್ತವೆ. ಬರೀ ನೆಗಡಿಯಲ್ಲೇ ಈ ದಾಸ್ತಾನು ಖರ್ಚಾಗುತ್ತದೆ. 1973ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ಅಳೆದು ನೋಡಿದಾಗ, ನೆಗಡಿ ಶುರುವಾದ ಒಂದೇ ದಿನದಲ್ಲಿ ಬಿಳಿಕಣಗಳಲ್ಲಿದ್ದ ವಿಟಮಿನ್ ಸಿ ಸುಮಾರು ಅರ್ಧಕ್ಕೆ ಇಳಿದಿತ್ತು.

ಹಾಗಾದರೆ ಹೆಚ್ಚು ತಿಂದರೆ ಹೆಚ್ಚು ರಕ್ಷಣೆಯೇ? 1970ರಲ್ಲಿ ವಿಜ್ಞಾನಿ ಲೈನಸ್ ಪೌಲಿಂಗ್ ಹೌದು ಎಂದು ಪುಸ್ತಕವನ್ನೇ ಬರೆದರು, ಔಷಧಿ ಅಂಗಡಿಗಳಲ್ಲಿ ಮಾತ್ರೆಗಳು ಖಾಲಿಯಾದವು. ಮುಂದಿನ ದಶಕಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2013ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ದಿನವೂ 200 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ತಪ್ಪಲಿಲ್ಲ. ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ಶೇ. 8ರಷ್ಟು, ಮಕ್ಕಳಲ್ಲಿ ಶೇ. 14ರಷ್ಟು ಕಡಿಮೆಯಾಯಿತು. ಮ್ಯಾರಥಾನ್ ಓಟಗಾರರು, ಕಡುಚಳಿಯಲ್ಲಿ ದುಡಿಯುವ ಸೈನಿಕರಂಥವರಲ್ಲಿ ಮಾತ್ರ ನೆಗಡಿಯ ಸಾಧ್ಯತೆ ಅರ್ಧಕ್ಕಿಳಿಯಿತು. ನೆಗಡಿ ಶುರುವಾದ ಮೇಲೆ ಮಾತ್ರೆ ನುಂಗಿದವರಲ್ಲಿ ನೆಚ್ಚಬಹುದಾದ ಲಾಭ ಕಾಣಲಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಉತ್ತರ ಕನ್ನಡದ ಮೊದಲ ಕೊರೊನಾ ಪ್ರಕರಣಗಳು ಕಾಣಿಸಿಕೊಂಡದ್ದು ಭಟ್ಕಳದಲ್ಲಿ. ಪೇಟೆಗೆ ಪೇಟೆಯೇ ಬಾಗಿಲು ಹಾಕಿ ಕೂತಿತು. ಸೋಂಕಿತರನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಗೆ ಒಯ್ದರು, ಅಲ್ಲಿಯ ವೈದ್ಯರು, ದಾದಿಯರು ನೋಡಿಕೊಂಡರು. ಆಯುಷ್ ಸಚಿವಾಲಯ ದಿನವೂ ಹತ್ತು ಗ್ರಾಂ ಚ್ಯವನಪ್ರಾಶ ತಿನ್ನಿ ಎಂದಿತು. ‘ಇಮ್ಯುನಿಟಿ ಬೂಸ್ಟರ್’ ಎಂಬ ಮಾತು ಮನೆಮನೆಗೆ ಬಂದದ್ದು ಆಗಲೇ. ಭಯದಲ್ಲಿರುವವರಿಗೆ ಏನಾದರೂ ಮಾಡಿದ ಸಮಾಧಾನ ಬೇಕಿತ್ತು, ಅದನ್ನು ಹೀಗಳೆಯಲಾರೆ. ಆದರೆ 2021ರಲ್ಲಿ ಅಮೆರಿಕದಲ್ಲಿ ದಿನಕ್ಕೆ 8 ಗ್ರಾಂ ವಿಟಮಿನ್ ಸಿ ಕೊಟ್ಟು ನಡೆಸಿದ ಪ್ರಯೋಗವೂ, ಆಸ್ಪತ್ರೆ ಸೇರಿದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ನರದ ಮೂಲಕ ಕೊಟ್ಟು ನೋಡಿ 2023ರಲ್ಲಿ ಪ್ರಕಟಿಸಿದ ಫಲಿತಾಂಶವೂ ಒಂದೇ: ಉಪಯೋಗವಾಗಲಿಲ್ಲ. ಮಿತಿಮೀರಿದರೆ ಮೂತ್ರಪಿಂಡದಲ್ಲಿ ಕಲ್ಲಾಗುವ ಅಪಾಯ ಬೇರೆ. ಬೂಸ್ಟರ್ ಎಂದರೆ ಆಪತ್ತಿನ ಹೊತ್ತಿಗೆ ಹಿಂದಿನಿಂದ ದಬ್ಬುವುದು. ಧಾತ್ರಿ ಎಂದರೆ ದಿನವೂ ಊಡುವವಳು. ಪ್ರಯೋಗಗಳು ತೋರಿಸಿದ್ದಕ್ಕೆ ಹತ್ತಿರವಿರುವುದು ಎರಡನೆಯ ಪದ, ಅದನ್ನು ನಾವು ಮಂತ್ರಕ್ಕಷ್ಟೇ ಬಿಟ್ಟುಕೊಟ್ಟಿದ್ದೇವೆ.

ದಿನಕ್ಕೆ ಎಷ್ಟು ಊಡಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ನೂರು ಗ್ರಾಂ ನೆಲ್ಲಿಯಲ್ಲಿ 600 ಮಿಲಿಗ್ರಾಂ ಇದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿ ಹೇಳುತ್ತಿತ್ತು, 2017ರ ಹೊಸ ಪಟ್ಟಿ ಸುಮಾರು 250ಕ್ಕೆ ಇಳಿಸಿದೆ. ಹೊಸ ಲೆಕ್ಕದಲ್ಲೂ ಬೆಟ್ಟದ ಮೂರು ಸಣ್ಣ ನೆಲ್ಲಿ ಒಬ್ಬರ ಒಂದು ದಿನಕ್ಕೆ ಆಗುತ್ತದೆ.

ಅದನ್ನು ಉಣ್ಣುವ ಅತಿ ಸರಳ ಬಗೆ ತಂಬುಳಿ. ಎರಡು ಮೂರು ಹಸಿ ನೆಲ್ಲಿಯ ತಿರುಳು, ಒಂದು ಹಿಡಿ ಕಾಯಿತುರಿ, ನಾಲ್ಕು ಕಾಳುಮೆಣಸು, ಉಪ್ಪು ಸೇರಿಸಿ ನುಣ್ಣಗೆ ಬೀಸಿ ಮಜ್ಜಿಗೆಗೆ ಕಲಸುತ್ತಾರೆ, ಮೇಲೊಂದು ಜೀರಿಗೆ ಒಗ್ಗರಣೆ. ಕುದಿಸುವುದಿಲ್ಲ. ಬಿಸಿಗೆ ಬೇಗ ಹಾಳಾಗುವ ವಿಟಮಿನ್ ಸಿ ಇದರಲ್ಲಿ ಉಳಿದುಕೊಳ್ಳುತ್ತದೆ. ಭರಣಿಯ ಉಪ್ಪುನೆಲ್ಲಿಯಲ್ಲಿ ಒಂದು ಪಾಲು ನೀರಿಗೆ ಇಳಿದಿರುತ್ತದೆ, ಆ ನೀರನ್ನು ಚೆಲ್ಲದೆ ಮಜ್ಜಿಗೆಗೆ ಬಳಸುವವರು ಜಾಣರು. ಬೇಯಿಸಿ, ಅರೆದು, ಬಿಲ್ಲೆ ತಟ್ಟಿ ಬಿಸಿಲಿಗೆ ಒಣಗಿಸಿದ ನೆಲ್ಲಿಚಟ್ಟು ಮಳೆಗಾಲಕ್ಕೆಂದು ಡಬ್ಬಿ ಸೇರುತ್ತದೆ. ಅದರ ಒಗರು, ರುಚಿ ವರ್ಷಗಟ್ಟಲೆ ನಿಲ್ಲುತ್ತವೆ, ವಿಟಮಿನ್ ಅಷ್ಟು ನಿಲ್ಲದು.

ತೊಡಕಿರುವುದು ಇಲ್ಲೇ. ಕರಾವಳಿಯಲ್ಲಿ ಶೀತಜ್ವರ ಮನೆಮನೆ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಹಸಿ ನೆಲ್ಲಿ ಸಿಗುವುದು ಅದಾದ ಮೇಲೆ. ನೆಲ್ಲಿ ಇಲ್ಲದ ಆ ತಿಂಗಳುಗಳಲ್ಲಿ ಹಿತ್ತಲಿನಲ್ಲಿ ಹಣ್ಣಾಗುವುದು ಪೇರಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದ ಗಿಡ. ಪೇರು, ಪೇರಲ, ಪೇರಳೆ ಎಂಬ ಹೆಸರುಗಳ ಹಿಂದೆ ಪೋರ್ಚುಗೀಸರ ‘ಪೇರ’ ಎಂಬ ಹಣ್ಣಿನ ಹೆಸರಿದೆ ಎನ್ನುತ್ತಾರೆ. ಗೇರುಹಣ್ಣು, ಹಸಿಮೆಣಸು ಬಂದದ್ದೂ ಅವರ ಜೊತೆಗೇ, ಅವೆರಡೂ ವಿಟಮಿನ್ ಸಿ ತುಂಬಿದವೇ. ನೂರು ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಇದೆ. ಶ್ರಾವಣದ ಮಳೆಯಲ್ಲಿ ಶಾಲೆಯಿಂದ ನೆನೆದು ಬಂದ ಮಗುವಿಗೆ ಮಧ್ಯಮ ಗಾತ್ರದ ಒಂದು ಪೇರಲ ಕೊಟ್ಟರೆ ಆ ದಿನದ ಅನ್ನಾಂಗ ಪೂರಾ ಸಿಕ್ಕಂತೆ.